ದೋರಸಮುದ್ರದ ಓದಿನ ಮನೆತನ

ಜನ್ನ ‘ಯಶೋಧರ ಚರಿತೆ’ಯನ್ನು ಬರೆದು ಮುಗಿಸಿದ್ದು 1209ರಲ್ಲಿ. ಹೊಯ್ಸಳ ವೀರಬಲ್ಲಾಳ ದೋರಸಮುದ್ರದಿಂದ, ಅಂದರೆ ಇವತ್ತಿನ ಹಳೇಬೀಡಿನಿಂದ, ನಾಡಾಳುತ್ತಿದ್ದ ಕಾಲ. ಆ ರಾಜಧಾನಿಯ ಸಂತೆಗೆ ಎಣ್ಣೆ, ಬೆಲ್ಲ ಕೊಳ್ಳಲು ಬಂದವರು ಜನ್ನನ ಕಾವ್ಯದ ಕನ್ನಡದಲ್ಲಿ ಚೌಕಾಸಿ ಮಾಡುತ್ತಿರಲಿಲ್ಲ. ಆ ಹೊತ್ತಿಗಾಗಲೇ ಜನರ ಬಾಯಲ್ಲಿ ಪಾಲು ಹಾಲಾಗಿತ್ತು, ಪಳ್ಳಿ ಹಳ್ಳಿಯಾಗಿತ್ತು. ಕಲ್ಯಾಣದ ಶರಣರ ವಚನಗಳಲ್ಲಿ, ಹೊಯ್ಸಳರ ಶಾಸನಗಳ ಗದ್ಯದಲ್ಲಿ ಈ ಹಕಾರ ಧಾರಾಳವಾಗಿ ಕಾಣುತ್ತದೆ. ಜನ್ನ ಮಾತ್ರ ಪಂಪ, ಪೊನ್ನ, ರನ್ನರ ದಾರಿ ಹಿಡಿದು ಪಕಾರದಲ್ಲೇ ಬರೆದ. ಹಳಗನ್ನಡ ಅವನ ಕಾಲಕ್ಕೇ ಹಳೆಯದಾಗಿತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ‘ನಮಗೆ ಹಳಗನ್ನಡ ಅರ್ಥವಾಗುವುದಿಲ್ಲ’ ಎನ್ನುವವರು ಅದು ತಮ್ಮ ತಲೆಮಾರಿನ ದೌರ್ಬಲ್ಯವೆಂದು ನಂಬಿದ್ದಾರೆ. ಹಿಂದಿನವರಿಗೆಲ್ಲ ಅದು ನೀರು ಕುಡಿದಷ್ಟು ಸಲೀಸಾಗಿತ್ತು, ಇಂಗ್ಲಿಷ್ ಶಾಲೆಗಳು ಬಂದು ಕೆಟ್ಟೆವು ಎಂಬ ಭಾವನೆ. ಹೊಯ್ಸಳರ ಕಾಲವನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಹಳೆಯ ಕಾವ್ಯ ಆಗಲೂ ಕಷ್ಟವಾಗುತ್ತಿತ್ತು. ಆದ್ದರಿಂದಲೇ ದೋರಸಮುದ್ರದ ಒಂದೇ ಮನೆತನ ಮೂರು ತಲೆಮಾರು ಓದುಗರಿಗಾಗಿ ದುಡಿಯಿತು. ಅವರು ಮಾಡಿಟ್ಟ ಸಾಧನಗಳು ಇಂದಿಗೂ ಕೆಲಸಕ್ಕೆ ಬರುತ್ತವೆ.

ಮನೆತನದ ಹಿರಿಯ ಶಂಕರ. ಸುಮನೋಬಾಣ ಎಂಬುದು ಅವನ ಕವಿನಾಮ. ಹೊಯ್ಸಳ ಅರಸ ಒಂದನೆಯ ನರಸಿಂಹನ ಆಸ್ಥಾನದಲ್ಲಿ ಕಟಕೋಪಾಧ್ಯಾಯನಾಗಿದ್ದ, ಕಲಿಸುವುದೇ ಅವನ ವೃತ್ತಿ. ಅವನ ಮಗ ಜನ್ನ, ‘ಕವಿಚಕ್ರವರ್ತಿ’ ಎಂದು ಬಿರುದು ಪಡೆದವನು. ಅಳಿಯ ಮಲ್ಲಿಕಾರ್ಜುನ. ಇವನು 1245ರ ಸುಮಾರಿಗೆ, ಸೋಮೇಶ್ವರನ ಕಾಲದಲ್ಲಿ, ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು ವಿಷಯವಾರು ಜೋಡಿಸಿ ‘ಸೂಕ್ತಿಸುಧಾರ್ಣವ’ವನ್ನು ಸಿದ್ಧಪಡಿಸಿದ. ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ ಕೇಶಿರಾಜ. 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ಕೊಟ್ಟವನು. ಪಾಠ ಹೇಳಿದವನು ತಾತ, ಕಾವ್ಯ ಬರೆದವನು ಸೋದರಮಾವ, ಸಂಕಲನ ಕಟ್ಟಿದವನು ತಂದೆ, ವ್ಯಾಕರಣ ಬರೆದವನು ಮಗ. ಕನ್ನಡದಲ್ಲಿ ಓದುಗನಿಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಮನೆಯನ್ನು ನಾನು ಕಾಣೆ.

ಕೇಶಿರಾಜನನ್ನು ನಾವು ಸೂತ್ರಗಳ ಭಯದಲ್ಲಿ ದೂರವಿಟ್ಟಿದ್ದೇವೆ. ಅವನ ಪುಸ್ತಕವನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಣುವವನು ಅಧಿಕಾರಿಯಂತೆ ನಿಯಮ ಹೇರುವ ವೈಯಾಕರಣನಲ್ಲ, ಹಳೆಯ ಕಾವ್ಯಗಳನ್ನು ಪ್ರೀತಿಯಿಂದ ಓದಿದ ಒಬ್ಬ ಓದುಗ. ಗಜಗ, ಅಸಗ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ ಮುಂತಾದವರ ಪ್ರಯೋಗಗಳೇ ತನಗೆ ಲಕ್ಷ್ಯ ಎನ್ನುತ್ತಾನೆ. ಪ್ರತಿ ಸೂತ್ರಕ್ಕೂ ಗದ್ಯದಲ್ಲಿ ವೃತ್ತಿ, ಅದಕ್ಕೆ ಕಾವ್ಯಗಳಿಂದ ಉದಾಹರಣೆ. ಳಕಾರ ಎಲ್ಲಿ, ೞಕಾರ ಎಲ್ಲಿ ಎಂದು ತಿಳಿಸಲು ಶಬ್ದಗಳ ಪಟ್ಟಿಯನ್ನೇ ಕೊಡುತ್ತಾನೆ. ಕಿವಿಗೆ ಆ ಎರಡರ ಭೇದ ತಿಳಿಯುತ್ತಿದ್ದ ಕಾಲವಾಗಿದ್ದರೆ ಯಾರು ಪಟ್ಟಿ ಮಾಡುತ್ತಿದ್ದರು? ಪುಸ್ತಕದ ಕೊನೆಗೆ ‘ಪ್ರಯೋಗಸಾರ’ವೆಂಬ ಪ್ರಕರಣವಿದೆ. ಹಳೆಯ ಕಾವ್ಯಗಳಲ್ಲಿ ತೊಡಕಾಗುವ ಮಾತುಗಳಿಗೆ ಅರ್ಥ ಹೇಳುವ ಭಾಗ ಅದು. ಏಳೂವರೆ ಶತಮಾನದ ಹಿಂದಿನ ಕನ್ನಡಿಗನೂ ಅರ್ಥಕೋಶಕ್ಕಾಗಿ ಪುಸ್ತಕದ ಕೊನೆಯ ಪುಟಗಳನ್ನು ತಿರುವುತ್ತಿದ್ದ.

ಆರು ನೂರು ವರ್ಷಗಳ ನಂತರ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಹಳಗನ್ನಡಕ್ಕೆ ಇಳಿದದ್ದೂ ಇದೇ ಮೆಟ್ಟಿಲಿನಿಂದ. 1872ರಲ್ಲಿ ಅವನು ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದ. ಅವನ ದೊಡ್ಡ ನಿಘಂಟು ಹೊರಬಂದದ್ದು 1894ರಲ್ಲಿ. ಕನ್ನಡವನ್ನು ತಾಯಿಯಿಂದ ಕಲಿಯದವನೊಬ್ಬ ಕೇಶಿರಾಜನ ಕೈ ಹಿಡಿದು ಅಷ್ಟು ದೂರ ಹೋದ. ತಾಯಿಯಿಂದಲೇ ಕಲಿತ ನಾವು ಹೊಸ್ತಿಲಲ್ಲೇ ನಿಂತಿರುವುದು ನನಗೆ ನೋವಿನ ಸಂಗತಿ.

ಹೊಸ್ತಿಲಲ್ಲಿ ನಿಲ್ಲಿಸಿದ್ದು ಪಾಠದ ಕ್ರಮ. ಪಠ್ಯಪುಸ್ತಕದಲ್ಲಿ ಒಂದು ದೊಡ್ಡ ಕಾವ್ಯದ ನಡುವಿನಿಂದ ಹತ್ತು ಹದಿನೈದು ಪದ್ಯ ಕತ್ತರಿಸಿ ಇಡುತ್ತಾರೆ. ಹುಡುಗನಿಗೆ ಹಿಂದಿನ ಕಥೆ ಗೊತ್ತಿಲ್ಲ, ಮುಂದಿನದು ಗೊತ್ತಾಗುವುದಿಲ್ಲ. ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಸ್ವಾರಸ್ಯವನ್ನು ಸವಿಯದೆ ವಿವರಿಸುವ ಆ ಅಭ್ಯಾಸ ಒಮ್ಮೆ ಬಂದರೆ ಜೀವಮಾನವಿಡೀ ಉಳಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದವರೂ ಮುಂದೆ ಒಂದು ಚಂಪೂಕಾವ್ಯವನ್ನು ಕೈಯಲ್ಲಿ ಹಿಡಿಯುವುದಿಲ್ಲ.

ಚಿಕ್ಕದು, ಆದರೆ ಇಡಿಯದು

ಹಳಗನ್ನಡದ ಹೆಸರೆತ್ತಿದ ಕೂಡಲೇ ಎಲ್ಲರೂ ಪಂಪನಿಂದ ಆರಂಭಿಸಿ ಎನ್ನುತ್ತಾರೆ. ಆದಿಕವಿಗೆ ಆದಿಯ ಸ್ಥಾನ ಕೊಡುವುದು ಗೌರವದ ಮಾತು, ಓದಿನ ಕ್ರಮಕ್ಕೆ ಅದು ಹೊಂದುವುದಿಲ್ಲ. ‘ವಿಕ್ರಮಾರ್ಜುನ ವಿಜಯ’ಕ್ಕೆ 14 ಆಶ್ವಾಸಗಳು. ಹೊಸಬನಿಗೆ ಮೂರನೆಯ ಆಶ್ವಾಸದ ಹೊತ್ತಿಗೆ ಉಸಿರು ಕಟ್ಟುತ್ತದೆ. ‘ಯಶೋಧರ ಚರಿತೆ’ಯಾದರೋ ನಾಲ್ಕೇ ಅವತಾರಗಳ ಪುಟ್ಟ ಕಾವ್ಯ. ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಪದ್ಯಗಳು, ಬಹುಪಾಲು ಕಂದ. ದಿನಕ್ಕೆ ಐದು ಪದ್ಯ ಓದಿದರೆ ಒಂದು ಮಳೆಗಾಲದೊಳಗೆ ಇಡೀ ಕಾವ್ಯ ಮುಗಿಯುತ್ತದೆ. ಒಂದು ಹಳಗನ್ನಡ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ ಎಂಬ ಧೈರ್ಯವನ್ನು ಹತ್ತು ಕಾವ್ಯಗಳ ಹತ್ತು ತುಣುಕುಗಳು ಕೊಡಲಾರವು.

ಕಥೆಯನ್ನು ಮೊದಲೇ ತಿಳಿದುಕೊಂಡು ಕೂರಬೇಕು. ಕಾವ್ಯದ ಸುಖ ಕಥೆಯ ಗುಟ್ಟಿನಲ್ಲಿದೆ ಎಂದು ಹಿಂದಿನವರು ಎಣಿಸಿದ್ದೇ ಇಲ್ಲ. ಯಶೋಧರನ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಮೊದಲು, 959ರಲ್ಲಿ, ಸೋಮದೇವಸೂರಿ ಸಂಸ್ಕೃತದ ‘ಯಶಸ್ತಿಲಕ ಚಂಪು’ವಿನಲ್ಲಿ ಹೇಳಿದ್ದ. ವಾದಿರಾಜನೂ ಸಂಸ್ಕೃತದಲ್ಲಿ ಬರೆದಿದ್ದ. ಜನ್ನನ ಕೇಳುಗರಿಗೆ ಕಥೆ ಗೊತ್ತಿತ್ತು. ಅವರು ಬಂದು ಕೂರುತ್ತಿದ್ದದ್ದು ಇವನು ಅದನ್ನು ಹೇಗೆ ಹೇಳುತ್ತಾನೆ ಎಂದು ಕೇಳುವುದಕ್ಕೆ.

ಕಥೆ ಹೀಗಿದೆ. ಮಾರಿದತ್ತನೆಂಬ ಅರಸ ಚಂಡಮಾರಿಗೆ ಬಲಿ ಕೊಡಲು ಸಿದ್ಧನಾಗಿದ್ದಾನೆ. ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರನ್ನು ಹಿಡಿದು ತರುತ್ತಾರೆ. ಸಾವಿನೆದುರು ಅಳುಕದ ಆ ಮಕ್ಕಳನ್ನು ಕಂಡು ಅರಸ ವಿಚಾರಿಸುತ್ತಾನೆ. ಅಭಯರುಚಿ ತಮ್ಮ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ. ಅವನು ಹಿಂದೆ ಉಜ್ಜಯಿನಿಯ ಅರಸ ಯಶೋಧರ, ತಂಗಿಯೇ ಆಗಿನ ತಾಯಿ ಚಂದ್ರಮತಿ. ರಾಣಿ ಅಮೃತಮತಿ ಒಂದು ರಾತ್ರಿ ಹಾಡು ಕೇಳುತ್ತಾಳೆ, ಹಾಡಿದ ಮಾವುತನಿಗೆ ಮನಸೋಲುತ್ತಾಳೆ. ಅವನು ಅಷ್ಟಾವಂಕ, ನೋಡಿದರೆ ಹೇಸಿಗೆಯಾಗುವ ಕುರೂಪಿ. ಅವಳನ್ನು ಹಿಂಬಾಲಿಸಿದ ಯಶೋಧರ ಕತ್ತಿ ಹಿರಿದು, ಕೊಲ್ಲದೆ ಹಿಂದಿರುಗುತ್ತಾನೆ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆನ್ನುತ್ತಾನೆ. ದೋಷಕ್ಕೆ ಪ್ರಾಣಿಬಲಿಯಾಗಲಿ ಎಂದು ತಾಯಿ ಹಟ ಹಿಡಿಯುತ್ತಾಳೆ. ಹಿಂಸೆಗೆ ಒಪ್ಪದ ಮಗ, ತಾಯಿಯ ಮಾತನ್ನೂ ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ರಾಣಿ ತಾಯಿಮಗನಿಗೆ ವಿಷವಿಕ್ಕುತ್ತಾಳೆ. ಅಲ್ಲಿಂದ ನವಿಲು, ನಾಯಿ ಎಂದು ಅವರ ಜನ್ಮಗಳ ಸಾಲು ಶುರು.

ಇಷ್ಟನ್ನು ತಿಳಿದ ಓದುಗ ಯಾವ ಪದ್ಯದಲ್ಲೂ ದಿಕ್ಕು ತಪ್ಪುವುದಿಲ್ಲ. ಹತ್ತರಲ್ಲಿ ನಾಲ್ಕು ಶಬ್ದ ತಿಳಿಯದಿದ್ದರೂ ಯಾರು ಯಾರೊಡನೆ ಏನನ್ನು ಮಾತಾಡುತ್ತಿದ್ದಾರೆ ಎಂಬುದು ಗೊತ್ತಿರುತ್ತದೆ. ಉಳಿದ ಅರ್ಧ ಅರ್ಥ ಅಲ್ಲಿಂದಲೇ ಒದಗುತ್ತದೆ.

ಕಿವಿ ಮೊದಲು

ಗರಿಯಲ್ಲಿ ಬರೆದ ಕಾವ್ಯದಲ್ಲಿ ಶಬ್ದಶಬ್ದದ ನಡುವೆ ಜಾಗ ಬಿಡುತ್ತಿರಲಿಲ್ಲ, ಸಾಲು ಮುರಿಯುತ್ತಿರಲಿಲ್ಲ. ಓಲೆಯ ಉದ್ದಕ್ಕೂ ಅಕ್ಷರಗಳ ಒಂದೇ ಸರಣಿ. ಅದನ್ನು ಕಣ್ಣಿನಿಂದ ಓದಿ ಬಿಡಿಸಲು ಯಾರಿಂದ ಸಾಧ್ಯ? ಒಬ್ಬ ವಾಚಿಸುತ್ತಿದ್ದ, ಇನ್ನೊಬ್ಬ ವ್ಯಾಖ್ಯಾನಿಸುತ್ತಿದ್ದ, ಉಳಿದವರು ಕೇಳುತ್ತಿದ್ದರು. ಗಮಕ ಕಲೆ ಈಗಲೂ ಹೀಗೇ ನಡೆಯುತ್ತದೆ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅನೇಕರು ಈ ಕಲೆಯ ಹೆಸರನ್ನು ಮೊದಲ ಸಲ ಕೇಳಿದರು.

ಕಂದಪದ್ಯ ಬಾಯಿಗೆ ಬಹಳ ಬೇಗ ಒಲಿಯುತ್ತದೆ. ನಾಲ್ಕು ಮಾತ್ರೆಯ ಗಣಗಳು. ಒಂದು, ಮೂರನೆಯ ಸಾಲಿಗೆ ಮೂರು ಗಣ, ಎರಡು, ನಾಲ್ಕನೆಯ ಸಾಲಿಗೆ ಐದು ಗಣ. ಒಟ್ಟು 64 ಮಾತ್ರೆ. ಒಂದು ಗಿಡ್ಡ ಸಾಲು ಮಾತನ್ನು ಎತ್ತುತ್ತದೆ, ಉದ್ದ ಸಾಲು ಅದನ್ನು ಎಳೆದುಕೊಂಡು ಹೋಗಿ ಮುಟ್ಟಿಸುತ್ತದೆ. ಪ್ರಸ್ತಾರ ಹಾಕುವುದನ್ನು ಶಾಲೆಯಲ್ಲಿ ಅಂಕಕ್ಕಾಗಿ ಕಲಿತಿದ್ದೆವು. ನಿಜವಾಗಿ ಅದು ಅರ್ಥಕ್ಕೆ ಹೋಗುವ ದಾರಿ. ಎಲ್ಲಿ ಗುರು ಬೇಕೋ ಅಲ್ಲಿ ಲಘು ಬಂದಂತೆ ಕಂಡರೆ ನಾವು ಶಬ್ದವನ್ನು ತಪ್ಪಾಗಿ ಬಿಡಿಸಿದ್ದೇವೆ ಎಂದು ಛಂದಸ್ಸೇ ತಿಳಿಸುತ್ತದೆ.

ಪ್ರಾಸವೂ ಇದೇ ಬಗೆಯ ಗುರು. ಕಂದದ ನಾಲ್ಕೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಹಾಗಾಗಿ ಒಂದು ಶಬ್ದ ಹಿಂದಿನ ಸಾಲಿನ ಕೊನೆಯಲ್ಲಿ ಹೊರಟು ಮುಂದಿನ ಸಾಲಿಗೆ ಚಾಚಿದ್ದರೂ ಸಾಲು ಎಲ್ಲಿ ಆರಂಭವಾಯಿತೆಂದು ಕಿವಿ ಹಿಡಿದುಬಿಡುತ್ತದೆ. ಕನ್ನಡ ಕವಿಗಳು ಸಾಲಿನ ತುದಿಯಲ್ಲಿ ಶಬ್ದವನ್ನು ಮುರಿಯಲು ಅಂಜಿದವರಲ್ಲ. ಸಾಲಿಗೆ ಒಂದು ವಾಕ್ಯ ಎಂದುಕೊಂಡು ಓದುವವನು ಎಡವುವುದು ಇಲ್ಲೇ. ಅರ್ಥಕ್ಕಾಗಿ ನಿಲ್ಲದೆ ಒಂದು ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಬೇಕು, ಸಾಲಿನ ತುದಿಯಲ್ಲಿ ನಿಲ್ಲದೆ ಓದಬೇಕು. ಮೂರನೆಯ ಸಲಕ್ಕೆ ಶಬ್ದಗಳು ತಾವಾಗಿ ಬೇರೆಬೇರೆಯಾಗತೊಡಗುತ್ತವೆ.

ಆಮೇಲೆ ಪೆನ್ಸಿಲ್ ಹಿಡಿಯುವುದು. ಮೊದಲು ಕ್ರಿಯಾಪದ ಹುಡುಕಬೇಕು. ಹಳಗನ್ನಡದ ವಾಕ್ಯ ಕಂಡು, ನಿಂತು, ನೊಂದು ಎಂಬಂಥ ಕ್ರಿಯೆಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಕೊನೆಗೆ ಒಂದು ಪೂರ್ಣ ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ. ಆ ಕೊನೆಯ ಕ್ರಿಯಾಪದ ಸಿಕ್ಕಿದರೆ ಮಾಡಿದವನು ಯಾರೆಂದು ಕೇಳಿ, ಏನನ್ನು ಎಂದು ಕೇಳಿ. ಹಳೆಯ ಪಂಡಿತರು ಅನ್ವಯ ಎಂದು ಕರೆದದ್ದು ಇದನ್ನೇ. ಕಾಳಿದಾಸನನ್ನು ಭಾರತಕ್ಕೆಲ್ಲ ಓದಿಸಿದ ಮಲ್ಲಿನಾಥನ ವ್ಯಾಖ್ಯಾನಗಳ ಬಲವೂ ಅನ್ವಯದಲ್ಲೇ ಇದೆ. ಜನ್ನನಿಗಿಂತ ಸುಮಾರು ಎರಡು ಶತಮಾನ ಈಚೆಗಿನ ಚಾಸರನನ್ನು ಓದಲು ಇಂಗ್ಲೆಂಡಿನವರೂ ಬದಿಯಲ್ಲಿ ಟಿಪ್ಪಣಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಯಾರೂ ನಾಚುವುದಿಲ್ಲ.

ಅಲಂಕಾರಶಾಸ್ತ್ರದಲ್ಲಿ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಕಾವ್ಯದ ಹದಗಳನ್ನು ಎಣಿಸುತ್ತಾರೆ. ತೆಂಗಿನ ಸೀಮೆಯಾದ ಅರಸೀಕೆರೆಯವರಿಗೆ ಮೂರನೆಯದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಯಿಯನ್ನು ಕಲ್ಲಿಗೆ ಕುಟ್ಟುವವನಿಗೆ ಅದು ಒಡೆಯುವುದಿಲ್ಲ; ಗೂಟಕ್ಕೆ ಸಿಕ್ಕಿಸಿ ನಾರಿನ ಎಳೆ ನೋಡಿ ತಿರುಚುವವನಿಗೆ ಮೂರು ಏಟಿಗೆ ಸಿಪ್ಪೆ ಬಿಡುತ್ತದೆ. ಕಂದಪದ್ಯದಲ್ಲಿ ಆ ಎಳೆ ಕ್ರಿಯಾಪದ.

ನಿಘಂಟಿಗಿಂತ ಮೊದಲು ಹಟ್ಟಿ

ಕಷ್ಟದ ಶಬ್ದ ಕಂಡ ಕೂಡಲೇ ನಿಘಂಟಿಗೆ ಓಡುವುದು ಒಳ್ಳೆಯ ಅಭ್ಯಾಸವಲ್ಲ ಎಂದೇ ನನ್ನ ಅಭಿಪ್ರಾಯ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅಮೂಲ್ಯವಾದದ್ದು, ಅದರ ಸರದಿ ಆಮೇಲೆ ಬರಲಿ. ಮೊದಲು ಶಬ್ದದ ವೇಷ ಕಳಚಿ ನೋಡಬೇಕು. ಮೊದಲಲ್ಲಿ ಪ ಇದ್ದರೆ ಹ ಇಟ್ಟು ನೋಡಿ. ಪುಲಿ ಹುಲಿಯಾಗುತ್ತದೆ, ಪಗೆ ಹಗೆಯಾಗುತ್ತದೆ. ೞ ಕಂಡರೆ ಳ ಎಂದು ಓದಿ, ಬಾೞೆ ಬಾಳೆಯಾಗುತ್ತದೆ. ನಡುವೆ ಅರ್ಕಾವತ್ತು ಬಂದು ಎಡವಿಸಿದರೆ ಅದನ್ನು ತೆಗೆದು ನೋಡಿ, ಇರ್ದು ಇದ್ದು ಆಗುತ್ತದೆ, ಎರ್ದೆ ಎದೆಯಾಗುತ್ತದೆ. ಕೊನೆಯ ಒಳ್ ಎಂಬುದನ್ನು ಒಳಗೆ ಎಂದು ಓದಿಕೊಳ್ಳಿ. ಇಷ್ಟು ಮಾಡಿದರೆ ಅಪರಿಚಿತವೆನಿಸಿದ ಶಬ್ದಗಳಲ್ಲಿ ಬಹಳಷ್ಟು ನಮ್ಮ ಮನೆಯವೇ ಆಗಿಬಿಡುತ್ತವೆ.

ಪಕಾರ ಹಕಾರವಾದ ಬದಲಾವಣೆಗೆ ಬೇಲೂರು ತಾಲ್ಲೂಕಿನ ಒಂದು ಊರೇ ಸಾಕ್ಷಿ ನಿಂತಿದೆ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯಲ್ಲಿ ಗುರುತಿಸಿದ, ಸುಮಾರು 450ರದೆಂದು ಎಣಿಸುವ ಶಾಸನದಲ್ಲಿ ಆ ಊರಿನ ಹೆಸರು ಪಲ್ಮಡಿ ಎಂದಿದೆ. ಮೂಲ ಶಾಸನ ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಪ್ರತಿಕೃತಿ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮೇಷ್ಟ್ರುಗಳು ‘ಕನ್ನಡದ ಮೊದಲ ಶಾಸನ’ ಎಂದು ಕೈಮುಗಿಸಿ ಹೊರಡುತ್ತಾರೆ. ಅದರ ಭಾಷೆ ಸಂಸ್ಕೃತದ ಉದ್ದ ಸಮಾಸಗಳಿಂದ ತುಂಬಿದೆ, ಆರಂಭದ ಓದಿಗೆ ತಕ್ಕುದಲ್ಲ. ಹುಡುಗರಿಂದ ಆ ಊರಿನ ಹೆಸರನ್ನೊಂದು ಓದಿಸಿದರೆ ಸಾಕು. ಒಂದು ಶಬ್ದ ಸಾವಿರದ ಐನೂರು ವರ್ಷ ಬದುಕಿ ಬಂದ ಬಗೆ ಆ ಒಂದು ಹೆಸರಿನಲ್ಲೇ ಕಣ್ಣಿಗೆ ಕಾಣುತ್ತದೆ.

ಇನ್ನು ಕೆಲವು ಶಬ್ದಗಳಿಗೆ ಹಟ್ಟಿಯಲ್ಲೇ ಅರ್ಥ ಸಿಗುತ್ತದೆ. ಹಸು ಈದಿತು ಎನ್ನುವ ರೈತ ಹೆಂಗಸಿಗೆ ಈಯು ಎಂಬ ಧಾತುವನ್ನು ಕಲಿಸಬೇಕಾಗಿಲ್ಲ. ಬೈಗು, ಕೂಳು, ಎಸರು, ಮೀಯುವುದು, ತಿಂಗಳ ಬೆಳಕು ಇವೆಲ್ಲ ಕಾವ್ಯದಲ್ಲೂ ಇವೆ, ಅಜ್ಜಿಯರ ಮಾತಿನಲ್ಲೂ ಇವೆ. ಹಳಗನ್ನಡ ಪಂಡಿತರ ಸೊತ್ತೆಂದು ಪಟ್ಟಣದ ಓದುಗ ಹೆದರುತ್ತಾನೆ. ಹಳ್ಳಿಯಲ್ಲಿ ಬೆಳೆದವರಿಗೆ ಅದರ ಅರ್ಧ ಶಬ್ದಕೋಶ ಬಂದೇ ಇರುತ್ತದೆ. ಅದು ತಮಗೆ ಬರುತ್ತದೆಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಶಾಸನವನ್ನು ಕೊನೆಯಿಂದ ಓದಿ

ಅರಸೀಕೆರೆಯಲ್ಲಿ 1220ರ ಎರಡು ಕಟ್ಟಡಗಳಿವೆ. ನಕ್ಷತ್ರಾಕಾರದ ಮುಖಮಂಟಪವಿರುವ ಈಶ್ವರ ದೇವಾಲಯ ಒಂದು, ಬಲ್ಲಾಳನ ಅಧಿಕಾರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯ ಇನ್ನೊಂದು. ಸಾವಿರ ಜಿನಬಿಂಬಗಳಿರುವುದರಿಂದ ಆ ಹೆಸರು. ಯಶೋಧರನ ಕಥೆ ಮುಗಿದು ಹನ್ನೊಂದು ವರ್ಷಕ್ಕೆ ಎದ್ದ ಕಟ್ಟಡಗಳಿವು. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಅಚ್ಚು ಹಾಕಿಸಿದ. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಿದೆ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಯಾವ ಊರಿನವರಾದರೂ ಅವುಗಳಲ್ಲಿ ತಮ್ಮೂರಿನ ಅಥವಾ ಪಕ್ಕದ ಊರಿನ ಕಲ್ಲನ್ನು ಹುಡುಕಬಹುದು.

ಹೊಯ್ಸಳ ಶಾಸನದ ಮೈಕಟ್ಟು ಸಾಮಾನ್ಯವಾಗಿ ಒಂದೇ. ಮೊದಲು ದೇವತಾಸ್ತುತಿ, ಆಮೇಲೆ ಮೂಲಪುರುಷ ಸಳನ ಕಥೆಯಿಂದ ಹಿಡಿದು ವಂಶಾವಳಿ, ಅರಸನ ಬಿರುದುಗಳ ಉದ್ದನೆಯ ಪ್ರಶಸ್ತಿ, ಶಕವರ್ಷ ಸಂವತ್ಸರ ತಿಥಿ, ದಾನಿ, ದಾನ, ಭೂಮಿಯ ಎಲ್ಲೆ, ಕೊನೆಗೆ ದಾನವನ್ನು ಕೆಡಿಸಿದವನಿಗೆ ಶಾಪ. ಓದಲು ಹೊರಟವರು ಪ್ರಶಸ್ತಿಯ ಸಮಾಸಗಳಲ್ಲೇ ಸೋತು ಹಿಂದಿರುಗುತ್ತಾರೆ. ಹಿಂದಿನಿಂದ ಓದಿದರೆ ಹಾಗಾಗದು. ಎಲ್ಲೆ ಹೇಳುವ ಭಾಗದಲ್ಲಿ ಗದ್ದೆ, ಬೆದ್ದಲೆ, ಕೆರೆಯ ಕೋಡಿ, ಹುಣಸೆಮರ, ನೆಟ್ಟ ಕಲ್ಲು, ಗಾಣ ಎಂಬ ಮಾತುಗಳೇ. ಆ ಕಾಲದ ಆಡುಗನ್ನಡಕ್ಕೆ ಅತಿ ಹತ್ತಿರದ ಗದ್ಯ ಅದು. ಅಲ್ಲಿಂದ ದಾನಕ್ಕೆ, ದಾನಿಗೆ, ತಿಥಿಗೆ ಏರಿ, ಪ್ರಶಸ್ತಿಯನ್ನು ಕೊನೆಗೆ ಮುಟ್ಟಿದರೆ ಅದೂ ಅಷ್ಟು ಕಠಿಣವೆನಿಸದು. ಆ ಬಿರುದುಗಳು ಶಾಸನದಿಂದ ಶಾಸನಕ್ಕೆ ಮರುಕಳಿಸುತ್ತವೆ. ಒಂದರಲ್ಲಿ ಬಿಡಿಸಿಕೊಂಡದ್ದು ಹತ್ತರಲ್ಲಿ ಫಲ ಕೊಡುತ್ತದೆ. ಜನ್ನನೇ ಶಾಸನಗಳನ್ನು ರಚಿಸಿದ್ದಾನೆ, 1191ರ ಚನ್ನರಾಯಪಟ್ಟಣದ್ದು ಒಂದು, 1197ರ ತರೀಕೆರೆಯದು ಒಂದು ಎಂದು ಕನ್ನಡ ಕವಿಗಳ ಇತಿಹಾಸವಾದ ‘ಕವಿಚರಿತೆ’ ಹೇಳುತ್ತದೆ. ಕಾವ್ಯದ ಕೈಯೂ ಕಲ್ಲಿನ ಕೈಯೂ ಬೇರೆಬೇರೆ ಆಗಿರಲಿಲ್ಲ.

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರವನ್ನು ನೋಡಿ ಹೊರಟುಬಿಡುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಇನ್ನಷ್ಟು ಗದ್ದಲ. ಜನ್ನನನ್ನು ಓದುವವರು ಇನ್ನೊಂದಿಷ್ಟು ನಡೆದು ಬಸದಿಹಳ್ಳಿಗೆ ಹೋಗಬೇಕು. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಅರಸ ವಿಷ್ಣುವರ್ಧನನಿಗೆ ಮುಟ್ಟಿದಾಗ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಆ ಮಗು ಬೆಳೆದು ಅರಸನಾದಾಗ ಅವನ ಕಟಕೋಪಾಧ್ಯಾಯನಾದವನು ಜನ್ನನ ತಂದೆ. ಇದೇ ವಿಜಯಪಾರ್ಶ್ವ ಬಸದಿಗೆ ಜನ್ನ ದ್ವಾರ ಕಟ್ಟಿಸಿದನೆಂದೂ ‘ಕವಿಚರಿತೆ’ಯಲ್ಲಿದೆ. ಒಳಗೆ ಕಡೆದು ನುಣುಪು ಮಾಡಿದ ಕಂಬಗಳು, ಅವುಗಳಾಚೆ ಎತ್ತರದ ನಿಂತ ವಿಗ್ರಹ, ಮೈಮೇಲೆ ಒಂದು ಆಭರಣವೂ ಇಲ್ಲ.

ಜನ್ನನ ಕಾವ್ಯ ಯಾವ ನಂಬಿಕೆಯಿಂದ ಹುಟ್ಟಿತೆಂಬುದು ಇಲ್ಲಿ ನಿಂತಾಗ ಹೆಚ್ಚು ಸ್ಪಷ್ಟವಾಗುತ್ತದೆ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೆ ಅಷ್ಟೊಂದು ಜನ್ಮಗಳ ಶಿಕ್ಷೆಯೇ ಎಂದು ಇಂದಿನ ಓದುಗ ಬೆರಗಾಗುತ್ತಾನೆ. ಜೈನದೃಷ್ಟಿಗೆ ಕೈಯ ಕೊಲೆಯಷ್ಟೇ ಮನಸ್ಸಿನ ಕೊಲೆಯೂ ನಿಜ. ಸಂಕಲ್ಪಹಿಂಸೆ ಎಂಬ ಈ ಒಂದು ವಿಚಾರ ತಿಳಿಯದಿದ್ದರೆ, ಶಬ್ದಾರ್ಥವೆಲ್ಲ ತಿಳಿದರೂ ‘ಯಶೋಧರ ಚರಿತೆ’ ಮುಚ್ಚಿಯೇ ಇರುತ್ತದೆ. ಭಾಷೆಯ ತೊಡಕಿಗಿಂತ ದೊಡ್ಡ ತೊಡಕು ಇಂಥದ್ದು. ವೈದಿಕ ಕಾವ್ಯಕ್ಕೆ ಅದರ ಪುರಾಣ, ಹರಿಹರನಿಗೆ ಶಿವಭಕ್ತಿ, ಜನ್ನನಿಗೆ ಜನ್ಮಜನ್ಮಗಳ ಸಾಲಾದ ಭವಾವಳಿ. ಓದುವ ಮೊದಲು ಅದನ್ನು ಒಪ್ಪಬೇಕಾಗಿಲ್ಲ, ತಿಳಿದಿರಬೇಕು.

ಅರ್ಥವಾದ ಮೇಲೆ ಜಗಳ

ರಾತ್ರಿ ತಡವಾಗಿ ಬಂದಳೆಂದು ಮಾವುತ ಅಮೃತಮತಿಯನ್ನು ಹಿಡಿದು ಬಡಿಯುವ ದೃಶ್ಯ ನನ್ನನ್ನು ಪ್ರತಿ ಓದಿನಲ್ಲೂ ಕಲಕುತ್ತದೆ. ರಾಣಿ ಅವನ ಕಾಲಿಗೆ ಬೀಳುತ್ತಾಳೆ. ಕತ್ತಲಲ್ಲಿ ಕತ್ತಿ ಹಿಡಿದು ಗಂಡ ನೋಡುತ್ತಾ ನಿಂತಿದ್ದಾನೆ. ಆಮೇಲೆ ಅರಮನೆಯಲ್ಲಿ ಗಂಡ ಹೂವಿನಿಂದ ಹೊಡೆದರೆ ಅದೇ ಹೆಂಗಸು ಮೂರ್ಛೆ ಹೋಗುತ್ತಾಳೆ. ಈ ಎರಡು ಹೊಡೆತಗಳನ್ನು ಜನ್ನ ಅಕ್ಕಪಕ್ಕ ಇಟ್ಟಿದ್ದಾನೆ. ಹೆಚ್ಚು ಮಾತಿಲ್ಲ, ಕೆಲವೇ ಕಂದಗಳು. ಅಲ್ಲಿ ಅವಳನ್ನು ಕಪಟಿ ಎನ್ನುವುದು ಸುಲಭ, ಕವಿಯೂ ಅವಳನ್ನು ಕೊನೆಗೆ ನರಕಕ್ಕೇ ಕಳಿಸುತ್ತಾನೆ. ಆದರೆ ಹಾಡು ಕೇಳಿದ ಆ ರಾತ್ರಿಯನ್ನು ಬರೆಯುವಾಗ ಅವನೂ ಅವಳ ಕಿವಿಯಿಂದಲೇ ಕೇಳಿದ್ದಾನೆ ಎಂದು ನನಗೆ ತೋರುತ್ತದೆ. ಕಾವ್ಯದ ತೀರ್ಪಿಗೂ ಕಾವ್ಯದ ಅನುಭವಕ್ಕೂ ಇರುವ ಈ ಎಳೆದಾಟವನ್ನು ತಾತ್ಪರ್ಯ ಓದಿದವರು ಕಾಣಲಾರರು, ಪದ್ಯಗಳನ್ನು ಒಂದೊಂದಾಗಿ ಓದಿದವರಿಗೇ ಅದು ಸಿಗುವುದು.

ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದದ್ದು ಈ ಕಥೆಯೊಡನೆ ಜಗಳವಾಡಿಯೇ. ರಾಣಿಗೆ ಅಲ್ಲಿ ತನ್ನ ಪರ ಮಾತಾಡುವ ಅವಕಾಶವಿದೆ. ಜನ್ನನನ್ನು ಓದಿದ ಮೇಲೆ ಆ ನಾಟಕವನ್ನು ಓದಿ, ಮತ್ತೆ ಜನ್ನನಿಗೆ ಮರಳಿ. ಹಳೆಯ ಕೃತಿಯ ಮುಂದೆ ಕೈಕಟ್ಟಿ ನಿಲ್ಲುವುದು ಅದಕ್ಕೆ ತೋರುವ ಗೌರವವಲ್ಲ. ಅದು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡು ಎದುರು ಮಾತಾಡುವಷ್ಟು ಹತ್ತಿರ ಹೋಗುವುದೇ ಗೌರವ.

ಅಲ್ಲಿಂದ ಮುಂದೆ

ಮುಂದಿನ ಕಾವ್ಯ ಯಾವುದೆಂದು ಕೇಳಿದರೆ, ರುದ್ರಭಟ್ಟನ ‘ಜಗನ್ನಾಥವಿಜಯ’ ಎನ್ನುತ್ತೇನೆ. ಅವನೂ ವೀರಬಲ್ಲಾಳನ ಕಾಲದವನೇ. ಆಶ್ರಯ ಕೊಟ್ಟವನು ಮಂತ್ರಿ ಚಂದ್ರಮೌಳಿ. ಆ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಶ್ರವಣಬೆಳಗೊಳದಲ್ಲಿ 1181ರ ಅಕ್ಕನ ಬಸದಿಯನ್ನು ಕಟ್ಟಿಸಿದವಳು. ಗಂಡ ಶೈವ, ಹೆಂಡತಿ ಜೈನೆ, ಆಶ್ರಯ ಪಡೆದ ಕಾವ್ಯ ಕೃಷ್ಣನ ಕಥೆ. ರುದ್ರಭಟ್ಟನ ಭಾಷೆ ಜನ್ನನಿಗಿಂತ ಬಿಗಿ, ವರ್ಣನೆ ಹೆಚ್ಚು. ಅದಕ್ಕೆ ಹೊಯ್ಸಳೇಶ್ವರದ ಹೊರಗೋಡೆಯನ್ನೇ ಟಿಪ್ಪಣಿಯಾಗಿ ಬಳಸಬಹುದು. ಆನೆ, ಸಿಂಹ, ಬಳ್ಳಿ, ಕುದುರೆಗಳ ಪಟ್ಟಿಕೆಗಳ ಮೇಲಿನ ಸಾಲಿನಲ್ಲಿ ಪುರಾಣದ ಕಥೆಗಳು ಸಾಗುತ್ತವೆ, ಅದರಾಚೆ ದೊಡ್ಡ ವಿಗ್ರಹಗಳಲ್ಲಿ ಗೋವರ್ಧನ ಎತ್ತಿದ ಕೃಷ್ಣ ಇದ್ದಾನೆ. ಕಥೆಯ ಪಟ್ಟಿಕೆಯನ್ನು ಪ್ರದಕ್ಷಿಣೆಯಲ್ಲಿ ಹಿಂಬಾಲಿಸಿ ಬಂದವರಿಗೆ ಕಾವ್ಯದ ಪ್ರಸಂಗ ಓದುವಾಗ ಯಾರು ಎಲ್ಲಿ ನಿಂತಿದ್ದಾರೆಂದು ಕಾಣುತ್ತದೆ.

ಅಷ್ಟಾದಶ ವರ್ಣನೆಗಳು ಬಂದಾಗ ಮೊದಲ ಓದಿನಲ್ಲಿ ದಾಟಿ ಹೋಗಿ. ಸಮುದ್ರ, ಪರ್ವತ, ಪುರ, ಚಂದ್ರೋದಯ, ಜಲಕೇಳಿ ಎಂದು ಚಂಪೂಕವಿಗಳು ಕಥೆ ನಿಲ್ಲಿಸಿ ವರ್ಣಿಸುತ್ತಾರೆ. ಹೊಸ ಓದುಗ ಪುಸ್ತಕ ಮುಚ್ಚುವುದು ಸಾಮಾನ್ಯವಾಗಿ ಇಂಥ ಕಡೆ. ದಾಟಿದರೆ ಕವಿಗೆ ಅಪಚಾರವಲ್ಲ. ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದಲ್ಲಿ ಮಾಡಿದ್ದು ಅದೇ ಕೆಲಸವನ್ನು ಇನ್ನೊಂದು ತುದಿಯಿಂದ: ಕಥೆಯನ್ನು ಬಿಟ್ಟು ವರ್ಣನೆಗಳನ್ನು ಮಾತ್ರ ಕಾವ್ಯಗಳಿಂದ ಬಿಡಿಸಿ ತೆಗೆದು ವಿಷಯವಾರು ಜೋಡಿಸಿದ. ಕಥೆಗೆ ಒಂದು ಓದು, ವರ್ಣನೆಗೆ ಇನ್ನೊಂದು ಓದು. ಎರಡನೆಯದು ಒಂದೊಂದೇ ಪದ್ಯವಾಗಿ, ನಿಧಾನವಾಗಿ ಆಗಬೇಕಾದದ್ದು.

ನೇಮಿಚಂದ್ರನ ‘ಲೀಲಾವತಿ’ಯನ್ನು ಇನ್ನೂ ಸ್ವಲ್ಪ ತಡೆಯಿರಿ, ಅವನ ಪಾಂಡಿತ್ಯಕ್ಕೆ ತಯಾರಿ ಬೇಕು. ನಡುವೆ ದಣಿವಾದರೆ ಹರಿಹರನ ರಗಳೆಗಳಿಗೆ ಹೋಗಿ. ಹಂಪೆಗೆ ಹೋಗುವ ಮುನ್ನ ಅವನು ಹಳೇಬೀಡಿನ ಅರಮನೆಯಲ್ಲಿ ಕರಣಿಕನಾಗಿದ್ದನೆಂಬ ಐತಿಹ್ಯವಿದೆ. ಅವನ ರಗಳೆ ಓಡುವ ವೇಗದಲ್ಲಿ ಕಿವಿ ಮತ್ತೆ ಚುರುಕಾಗುತ್ತದೆ. ಪಂಪನಿಗೆ ಬರುವ ಹೊತ್ತಿಗೆ ಡಿ.ಎಲ್. ನರಸಿಂಹಾಚಾರ್ ಅವರ ‘ಪಂಪಭಾರತ ದೀಪಿಕೆ’ ಪಕ್ಕದಲ್ಲಿರಲಿ. ಅದು ಪದ್ಯದ ಬದಲಿಗೆ ಓದುವ ಪುಸ್ತಕವಲ್ಲ. ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ಅನ್ವಯ ಮಾಡಿ, ಸಿಕ್ಕಿಕೊಂಡ ಜಾಗಕ್ಕೆ ಮಾತ್ರ ತೆರೆಯಬೇಕಾದದ್ದು.

ಈ ಓದು ಒಬ್ಬರಿಂದಾಗುವುದಕ್ಕಿಂತ ನಾಲ್ಕು ಜನ ಕೂತರೆ ಚೆನ್ನ. ಅರಸೀಕೆರೆ, ಬೇಲೂರು, ಹಳೇಬೀಡಿನ ಪ್ರೌಢಶಾಲೆ, ಕಾಲೇಜುಗಳ ಕನ್ನಡ ಮೇಷ್ಟ್ರುಗಳು ವಾರಕ್ಕೊಂದು ಸಂಜೆ ಯಾವುದಾದರೂ ಊರಿನ ಗ್ರಂಥಾಲಯದಲ್ಲಿ ಸೇರಿ, ಒಬ್ಬರು ವಾಚಿಸಿ, ಒಬ್ಬರು ವ್ಯಾಖ್ಯಾನಿಸಿ, ಊರವರನ್ನೂ ಕೂರಿಸಿಕೊಂಡರೆ ‘ಯಶೋಧರ ಚರಿತೆ’ಗೆ ಒಂದು ಶೈಕ್ಷಣಿಕ ವರ್ಷ ಸಾಕು. ಹಣ ಬೇಡ, ವೇದಿಕೆ ಬೇಡ, ಮುದ್ರಿತ ಪ್ರತಿಗಳು ಸಾಲದಿದ್ದರೆ ಒಂದರಿಂದ ನೆರಳಚ್ಚು ಮಾಡಿಸಿಕೊಳ್ಳಬಹುದು. ವ್ಯಾಖ್ಯಾನಕಾರ ಎಲ್ಲವನ್ನೂ ತಿಳಿದವನಾಗಿರಬೇಕಿಲ್ಲ. ಹಿಂದಿನ ದಿನ ಆ ವಾರದ ಇಪ್ಪತ್ತು ಪದ್ಯಗಳ ಕ್ರಿಯಾಪದಗಳಿಗೆ ಗೆರೆ ಎಳೆದುಕೊಂಡು ಬಂದಿದ್ದರೆ ಸಾಕು. ಉಳಿದ ಶಬ್ದಗಳಿಗೆ ಅಲ್ಲಿ ಕೂತ ರೈತರು, ತಾಯಂದಿರು, ಹುಡುಗರು ಕೂಡಿ ಅರ್ಥ ಹುಡುಕುತ್ತಾರೆ. ಯಾರಿಗೂ ಸಿಗದ ಶಬ್ದವನ್ನು ಬರೆದಿಟ್ಟುಕೊಂಡು ಮುಂದಿನ ವಾರಕ್ಕೆ ಕೇಶಿರಾಜನ ‘ಪ್ರಯೋಗಸಾರ’ದಲ್ಲಿ, ಅಲ್ಲೂ ಇಲ್ಲದಿದ್ದರೆ ಕಿಟೆಲನ ನಿಘಂಟಿನಲ್ಲಿ ನೋಡಿಕೊಂಡು ಬರುವ ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ವಹಿಸಬೇಕು.